ಅಕ್ಷರ ಕೆಟ್ಟಿದ್ದು ಎಲ್ಲಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. ಸಾಫ್ಟ್‌ವೇರ್ ಕೈಪಿಡಿಯನ್ನು ವರ್ಡ್‌ನಿಂದ ವೆಬ್‌ಗೆ, ಮಾರ್ಕ್‌ಡೌನ್‌ನಿಂದ (ಸರಳ ಗುರುತುಗಳನ್ನು ಹಾಕಿ ಬರೆಯುವ ಬರೀ ಟೆಕ್ಸ್ಟ್ ರೂಪ) ಪಿಡಿಎಫ್‌ಗೆ, ಹೀಗೆ ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಕನ್ನಡ ಅಕ್ಷರ ಕೆಡುತ್ತದೆ, ಏನು ಮಾಡೋದು ಅಂತ. ಹಾಗಾಗಿ ಇವತ್ತಿನ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ನಮ್ಮ ಸಹಕಾರ ಸಂಘದ ಲೆಕ್ಕದ ಸಾಫ್ಟ್‌ವೇರ್‌ಗೆ ಸುಮಾರು 2006ರಲ್ಲಿ ಮಾಡಿದ ಕನ್ನಡ ಕೈಪಿಡಿ ವರ್ಡ್ ಫೈಲ್‌ನಲ್ಲಿದೆ. ವೆಬ್ ಪುಟ ಮಾಡಲು ಹೋದರೆ ಬರೀ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು. ಆಮೇಲೆ ಬರೆದ ಇನ್ನೊಂದು ಟೆಕ್ಸ್ಟ್ ಫೈಲ್ ಕೂಡ ಕೆಟ್ಟಿದೆ, ಆದರೆ ಅದರಲ್ಲಿ ಕಾಣೋದು ಬೇರೆ ಥರ. ಎರಡರ ಚಿತ್ರವನ್ನೂ ಕಳಿಸಿದ್ದೇನೆ. ಎರಡಕ್ಕೂ ಒಂದೇ ಮದ್ದಾ? (ಶಿರಸಿಯ ಓದುಗರು)

ಉತ್ತರ: ಒಂದೇ ಮದ್ದಲ್ಲ. ಎರಡೂ ಬೇರೆ ಬೇರೆ ಕಾಯಿಲೆ, ಮದ್ದು ಅದಲುಬದಲಾದರೆ ಫೈಲ್ ಇನ್ನೂ ಕೆಡುತ್ತದೆ. ಅದಕ್ಕೇ ಮೊದಲು ಎರಡೂ ಫೈಲ್‌ಗಳ ನಕಲು ತೆಗೆದು ಬೇರೆ ಫೋಲ್ಡರ್‌ನಲ್ಲಿ ಇಡಿ. ಕೆಟ್ಟ ಹಾಗೆ ಕಾಣುವ ಫೈಲನ್ನು ತೆರೆದು, ಸುಮ್ನೆ ಅಭ್ಯಾಸಬಲದಿಂದ ಸೇವ್ ಒತ್ತುವುದು ಇದೆಯಲ್ಲ, ನಿಜವಾದ ನಷ್ಟ ಆಗೋದು ಅಲ್ಲೇ.

ಮೊದಲ ಚಿತ್ರ ನೋಡೋಣ. 'ಕನ್ನಡ' ಅನ್ನುವ ಪದದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ ಇದೆ, ತಲೆ ಮೇಲೆ ಓರೆ ಗೀಟಿರುವ ದೊಡ್ಡ ಎ ಇದೆ, ಪೌಂಡ್ ಗುರುತು, ಮತ್ತೆ ಅದೇ ಗೀಟಿನ ಎ, ಜರ್ಮನ್ ಭಾಷೆಯ ಎಸ್ಸೆಟ್ ಅಕ್ಷರ, ಚಿಕ್ಕ ಕ್ಯೂ, ಮತ್ತೆ ಗೀಟಿನ ಎ. ಇದು ಕೆಟ್ಟ ಪಠ್ಯವೇ ಅಲ್ಲ. ನುಡಿ ಫಾಂಟ್‌ನಲ್ಲಿ ಬರೆದದ್ದು, ಫಾಂಟ್ ಕಳಚಿಕೊಂಡು ನಿಂತಿದೆ ಅಷ್ಟೇ. ಆ ಫಾಂಟ್‌ನಲ್ಲಿ ದೊಡ್ಡ ಪಿ ಅಂದರೆ ತಲೆಕಟ್ಟಿಲ್ಲದ ಕ, ಗೀಟಿನ ಎ ಅಂದರೆ ತಲೆಕಟ್ಟು, ಪೌಂಡ್ ಅಂದರೆ ನಕಾರದ ಒಡಲು, ಎಸ್ಸೆಟ್ ಅಂದರೆ ನಕಾರದ ಒತ್ತು, ಕ್ಯೂ ಅಂದರೆ ಡಕಾರದ ಒಡಲು. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ವ್ಯವಸ್ಥೆ ಅದು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡ ಇತ್ತು, ವಿಂಡೋಸ್‌ಗೆ ತುಂಗಾ ಫಾಂಟ್ ಜೊತೆ ಅದು ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಆದರೂ ಕಚೇರಿ, ಅಚ್ಚಿನಮನೆಗಳಲ್ಲಿ ಆಮೇಲೂ ಬಹಳ ವರ್ಷ ನುಡಿ, ಬರಹದ ಹಳೆಯ ಫಾಂಟ್‌ಗಳೇ ನಡೆದವು. ನಿಮ್ಮ ಕೈಪಿಡಿ ಅದೇ ಕಾಲದ್ದು.

ಇದಕ್ಕೆ ಪರಿವರ್ತಕಗಳು ಇವೆ, ನುಡಿ ಮತ್ತು ಬರಹ ತಂತ್ರಾಂಶಗಳ ಜೊತೆಗೇ ಸಿಗುತ್ತವೆ. ಆದರೆ ಸಾಫ್ಟ್‌ವೇರ್ ಕೈಪಿಡಿಯಲ್ಲಿ ಕಥೆ ಪುಸ್ತಕದಲ್ಲಿ ಇಲ್ಲದ ಒಂದು ತೊಂದರೆ ಇದೆ. ಅದರ ತುಂಬ ಇಂಗ್ಲಿಷ್ ಪದ ಇರುತ್ತವೆ: ಮೆನು ಹೆಸರು, ಕಮಾಂಡ್, ಫೈಲ್ ದಾರಿ. ಇಡೀ ಫೈಲನ್ನು ಬರೀ ಟೆಕ್ಸ್ಟ್ ಮಾಡಿ ಪರಿವರ್ತಕಕ್ಕೆ ಕೊಟ್ಟರೆ 'ಪ್ರಿಂಟ್' ಅನ್ನುವ ಇಂಗ್ಲಿಷ್ ಪದದ ಮೊದಲ ಅಕ್ಷರವನ್ನೂ ಅದು ತಲೆಕಟ್ಟಿಲ್ಲದ ಕ ಅಂತಲೇ ಓದುತ್ತದೆ. ಯಾವುದು ಕನ್ನಡ, ಯಾವುದು ಇಂಗ್ಲಿಷ್ ಅಂತ ಗೊತ್ತಾಗುವುದು ಫಾಂಟ್ ಹೆಸರಿನಿಂದ ಮಾತ್ರ, ಆ ಹೆಸರು ಇರುವುದು ವರ್ಡ್ ಫೈಲ್‌ನಲ್ಲಿ ಮಾತ್ರ. ಆದ್ದರಿಂದ ವರ್ಡ್‌ನಲ್ಲಿ ಇರುವಾಗಲೇ ಪರಿವರ್ತನೆ ಮುಗಿಸಿ. ವರ್ಡ್‌ನಲ್ಲೂ ಲಿಬ್ರೆಆಫೀಸ್‌ನಲ್ಲೂ ಹುಡುಕುವ ಕಿಟಕಿಯಲ್ಲಿ ಫಾಂಟ್ ಹೆಸರು ಕೊಟ್ಟು ಹುಡುಕಬಹುದು. ನುಡಿ ಫಾಂಟ್ ಇರುವ ಭಾಗವನ್ನು ಮಾತ್ರ ಹಿಡಿದು ಬದಲಾಯಿಸಿ, ಉಳಿದದ್ದನ್ನು ಮುಟ್ಟಬೇಡಿ. ಮುಗಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಹಳೆಯ ಫಾಂಟ್‌ನಲ್ಲಿ 'ಕರ್ನಾಟಕ' ಬರೆದಾಗ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ 'ನಾ' ಆದ ಮೇಲೆ ಬರುತ್ತದೆ. ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವ ಹಾಗೆ ಮೊದಲು 'ರ್' ಬರಬೇಕು. ಪರಿವರ್ತಕ ಇದನ್ನು ಹಿಂದೆ ಮುಂದೆ ಮಾಡಬೇಕಾಗುತ್ತದೆ, ತಪ್ಪುವುದೂ ಸಾಮಾನ್ಯವಾಗಿ ಇಲ್ಲೇ.

ಈಗ ಎರಡನೇ ಫೈಲ್. ಅದರಲ್ಲೂ ಗೀಟಿನ ಎ ಇದೆ, ಆದರೆ ಚಿಕ್ಕ ಎ. ಅದರ ಪಕ್ಕ ಮೇಲಕ್ಕೆ ಏರಿ ಕೂತ ಪುಟಾಣಿ 2 ಅಥವಾ 3, ಅದರ ಪಕ್ಕ ಇನ್ನೊಂದು ಏನೋ. ಹೀಗೆ ಮೂರು ಮೂರರ ಗುಂಪು ಸಾಲು ಪೂರ್ತಿ. ಇದು ನುಡಿ ಅಲ್ಲ. ಸರಿಯಾದ ಯೂನಿಕೋಡ್ ಕನ್ನಡವನ್ನೇ ಯಾವುದೋ ಪ್ರೋಗ್ರಾಂ ಪಶ್ಚಿಮ ಯುರೋಪಿನ ವಿಂಡೋಸ್-1252 ಪಟ್ಟಿ ಹಿಡಿದು ಓದಿದೆ. ಯೂನಿಕೋಡ್ ಸಂಖ್ಯೆಗಳನ್ನು ಫೈಲ್‌ನಲ್ಲಿ ಬೈಟ್‌ಗಳಾಗಿ ಬರೆದಿಡುವ ಪದ್ಧತಿಯಾದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಮೂರು ಬೈಟ್. ಮೊದಲ ಬೈಟ್ ಆ ಪಟ್ಟಿಯಲ್ಲಿ ಗೀಟಿನ ಎ, ಎರಡನೆಯದು ಪುಟಾಣಿ 2 ಅಥವಾ 3, ಮೂರನೆಯದು ಅಕ್ಷರದಿಂದ ಅಕ್ಷರಕ್ಕೆ ಬೇರೆ. 'ಕ' ಆದರೆ ದಪ್ಪ ಚುಕ್ಕಿ, 'ಡ' ಆದರೆ ತಲೆಕೆಳಗಾದ ಆಶ್ಚರ್ಯ ಚಿಹ್ನೆ.

ಮೂಲ ಫೈಲ್ ಹಾಗೇ ಇದ್ದರೆ ಯುಟಿಎಫ್-8 ಅಂತ ಹೇಳಿ ಮತ್ತೆ ತೆರೆದರೆ ಸಾಕು, ಏನೂ ಹಾಳಾಗಿಲ್ಲ. ಕೆಟ್ಟ ರೂಪದಲ್ಲೇ ಸೇವ್ ಆಗಿದ್ದರೆ ಐಕಾನ್‌ವಿ ಕಮಾಂಡ್ ಅಥವಾ ಪೈಥಾನ್‌ನ ಎಫ್‌ಟಿಎಫ್‌ವೈ ಲೈಬ್ರರಿಯಿಂದ ಹಿಂದಕ್ಕೆ ತಿರುಗಿಸಬಹುದು. ಆದರೆ ಕನ್ನಡಕ್ಕೇ ಬಂದು ತಗಲುವ ಒಂದು ಏಟು ಇದೆ, ಇದನ್ನು ಯಾರೂ ಹೇಳುವುದಿಲ್ಲ. ವಿಂಡೋಸ್-1252ರಲ್ಲಿ ಐದು ಬೈಟ್‌ಗಳಿಗೆ ಯಾವ ಅಕ್ಷರವನ್ನೂ ಕೊಟ್ಟಿಲ್ಲ. ನಮ್ಮ ಒತ್ತಕ್ಷರಗಳನ್ನೆಲ್ಲ ಕಟ್ಟುವ ಅರ್ಧಾಕ್ಷರದ ಗುರುತು, ಅಂದರೆ ವಿರಾಮ, ಅದರ ಮೂರನೇ ಬೈಟ್ ಆ ಐದರಲ್ಲಿ ಒಂದು. ಕೊಂಬಿನದ್ದೂ ಹಾಗೇ. ಏ, ಐ, ಝ ಕೂಡ ಅದರಲ್ಲೇ ಸಿಕ್ಕಿಬೀಳುತ್ತವೆ. ಕೆಲವು ಪ್ರೋಗ್ರಾಂಗಳು ಆ ಬೈಟನ್ನು ಕಣ್ಣಿಗೆ ಕಾಣದ ಹಾಗೆ ಉಳಿಸಿಕೊಳ್ಳುತ್ತವೆ, ಕೆಲವು ಎಸೆದುಬಿಡುತ್ತವೆ. ಎಸೆದಿದ್ದರೆ ಹಿಂದಕ್ಕೆ ತಿರುಗಿಸಿದಾಗ 'ಕನ್ನಡ' ಅನ್ನುವುದು 'ಕನ', ನಡುವೆ ಪ್ರಶ್ನೆ ಗುರುತಿನ ಕಪ್ಪು ವಜ್ರ, ಆಮೇಲೆ 'ನಡ' ಅಂತ ಬರುತ್ತದೆ. ಆ ವಜ್ರದ ಜಾಗದಲ್ಲಿ ಇದ್ದದ್ದು ಒತ್ತೋ ಕೊಂಬೋ ಅಂತ ಯಂತ್ರಕ್ಕೆ ತಿಳಿಯುವುದಿಲ್ಲ, ಉಳಿದ ಎರಡು ಬೈಟ್ ಎರಡಕ್ಕೂ ಒಂದೇ. ಕನ್ನಡ ಓದಬಲ್ಲವರೇ ಕೂತು ತಿದ್ದಬೇಕು. ನಿಮ್ಮ ಚಿತ್ರದಲ್ಲಿ ಕೆಲವು ಕಡೆ ಗೀಟಿನ ಎ ಮತ್ತು ಪುಟಾಣಿ 3 ಆದ ಮೇಲೆ ಮೂರನೆಯದು ಇಲ್ಲದೆ ನೇರ ಮುಂದಿನ ಗುಂಪು ಶುರುವಾಗಿದೆ. ಅದು ಬರೀ ಕಾಣದೇ ಇದೆಯೋ, ನಿಜವಾಗಿ ಹೋಗಿದೆಯೋ ಅನ್ನುವುದು ಚಿತ್ರದಲ್ಲಿ ಗೊತ್ತಾಗಲ್ಲ. ಹಿಂದಕ್ಕೆ ತಿರುಗಿಸಿ ನೋಡಿ, ವಜ್ರ ಬಂದರೆ ಹಳೆಯ ಬ್ಯಾಕಪ್ ಎಲ್ಲಾದರೂ ಇದೆಯಾ ಅಂತ ಮೊದಲು ಹುಡುಕಿ, ಆಮೇಲೆ ತಿದ್ದಲು ಕೂರಿ.

ಪ್ರಶ್ನೆ: ನಾವು ಒಂದು ಓಪನ್ ಸೋರ್ಸ್ ತಂತ್ರಾಂಶಕ್ಕೆ ಕನ್ನಡದಲ್ಲಿ ಮಾರ್ಕ್‌ಡೌನ್ ಡಾಕ್ಯುಮೆಂಟೇಶನ್ ಬರೆಯುತ್ತಿದ್ದೇವೆ. ಬ್ರೌಸರ್‌ನಲ್ಲಿ ಚೆನ್ನಾಗಿದೆ. ಪ್ಯಾನ್‌ಡಾಕ್‌ನಲ್ಲಿ (ಫೈಲನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಯಿಸುವ ಪ್ರೋಗ್ರಾಂ) ಪಿಡಿಎಫ್ ಮಾಡಿದರೆ ಮೊದಲು ಎರರ್ ಬಂತು. ಎಂಜಿನ್ ಬದಲಾಯಿಸಿದೆ, ಕನ್ನಡ ಇದ್ದ ಕಡೆ ಖಾಲಿ ಜಾಗ ಬಂತು. ಫಾಂಟ್ ಕೊಟ್ಟೆ, ಈಗ ಒತ್ತಕ್ಷರ ಎಲ್ಲ ಬಿಡಿಸಿಕೊಂಡು ನಿಂತಿವೆ. ಇನ್ನೇನು ಮಾಡಲಿ? (ಬೆಂಗಳೂರು)

ಉತ್ತರ: ಬಿಡಬೇಡಿ, ನೀವು ಮುಕ್ಕಾಲು ದಾರಿ ಬಂದಿದ್ದೀರಿ. ಪ್ಯಾನ್‌ಡಾಕ್ ತಾನಾಗಿ ಬಳಸುವ ಪಿಡಿಎಫ್‌ಲೇಟೆಕ್ ಎಂಜಿನ್‌ಗೆ ಕನ್ನಡ ಬರುವುದಿಲ್ಲ, ಅದಕ್ಕೆ ಎರರ್. ಝೀಲೇಟೆಕ್ (XeLaTeX) ಎಂಜಿನ್‌ಗೆ ಯೂನಿಕೋಡ್ ಗೊತ್ತು, ಆದರೆ ಅದರ ಮಾಮೂಲಿ ಲ್ಯಾಟಿನ್ ಮಾಡರ್ನ್ ಫಾಂಟ್‌ನಲ್ಲಿ ಕನ್ನಡ ಅಕ್ಷರ ಇಲ್ಲ, ಅದಕ್ಕೆ ಖಾಲಿ ಜಾಗ. ಈ ಖಾಲಿ ಜಾಗ ಅಪಾಯದ್ದು ನೋಡಿ: ಎರರ್ ಆಗಿ ನಿಲ್ಲುವುದಿಲ್ಲ, ಲಾಗ್ ಫೈಲ್‌ನಲ್ಲಿ ಅಕ್ಷರ ಇಲ್ಲ ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತದೆ. ಲಾಗ್ ಓದದೆ ಪಿಡಿಎಫ್ ಹಂಚಬೇಡಿ.

ಈಗ ಒತ್ತಕ್ಷರ. 'ಸ್ತ್ರೀ' ಅನ್ನುವ ಒಂದು ಅಕ್ಷರ ಫೈಲ್‌ನಲ್ಲಿ ಆರು ತುಂಡಾಗಿ ಇರುತ್ತದೆ: ಸ, ವಿರಾಮ, ತ, ವಿರಾಮ, ರ, ದೀರ್ಘದ ಈ ಗುಣಿತ. ಇವನ್ನು ಜೋಡಿಸಿ ತಕಾರವನ್ನು ಕೆಳಗೆ ಇಳಿಸಿ, ರಕಾರದ ಒತ್ತನ್ನು ಪಕ್ಕಕ್ಕೆ ತಂದು, ಗುಣಿತವನ್ನು ಸಕಾರಕ್ಕೆ ಏರಿಸುವ ಕೆಲಸ ಫಾಂಟ್ ಒಂದೇ ಮಾಡುವುದಿಲ್ಲ. ಫಾಂಟ್‌ನಲ್ಲಿ ನಿಯಮ ಬರೆದಿರುತ್ತದೆ, ಆ ನಿಯಮ ಓದಿ ಜೋಡಿಸುವ ಪ್ರೋಗ್ರಾಂ ಬೇರೆ ಇರುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರಲ್ಲೂ ಆ ಕೆಲಸ ಮಾಡುವುದು ಹಾರ್ಫ್‌ಬಜ್. ಅದಕ್ಕೇ ನಿಮ್ಮ ಬ್ರೌಸರ್‌ನಲ್ಲಿ ಸರಿ ಇತ್ತು. ಝೀಲೇಟೆಕ್‌ನಲ್ಲೂ ಆ ಶಕ್ತಿ ಇದೆ, ಆದರೆ ಇದು ಯಾವ ಲಿಪಿ ಅಂತ ನೀವು ಹೇಳದಿದ್ದರೆ ಲ್ಯಾಟಿನ್ ಅಂತಲೇ ಅಂದುಕೊಂಡು ಅಕ್ಷರಗಳನ್ನು ಸಾಲಾಗಿ ಇಟ್ಟುಬಿಡುತ್ತದೆ. ಪ್ಯಾನ್‌ಡಾಕ್‌ನಲ್ಲಿ ಮುಖ್ಯ ಫಾಂಟ್‌ನ ಹೆಸರು ಕೊಟ್ಟ ಹಾಗೆಯೇ ಮುಖ್ಯ ಫಾಂಟ್‌ನ ಆಯ್ಕೆ ಅನ್ನುವ ಇನ್ನೊಂದು ಜಾಗ ಇದೆ. ಅಲ್ಲಿ ಸ್ಕ್ರಿಪ್ಟ್ ಕನ್ನಡ ಅಂತ ಬರೆಯಿರಿ. ಲುವಾಲೇಟೆಕ್ ಎಂಜಿನ್ ಬಳಸುವುದಾದರೆ 2020ರ ಅಥವಾ ಅದಕ್ಕಿಂತ ಈಚಿನ ಟೆಕ್ ಲೈವ್ (ಈ ಎಂಜಿನ್‌ಗಳೆಲ್ಲ ಒಟ್ಟಿಗೆ ಸಿಗುವ ಕಟ್ಟು) ಹಾಕಿಕೊಂಡು, ರೆಂಡರರ್ ಹಾರ್ಫ್‌ಬಜ್ ಅಂತಲೂ ಸೇರಿಸಿ. ಇಷ್ಟು ಮಾಡಿದರೆ 'ಸ್ತ್ರೀ' ಸರಿಯಾಗಿ ನಿಲ್ಲುತ್ತದೆ.

ಇನ್ನೂ ಎರಡು ಕಡೆ ನೋಡಬೇಕು. ಕೋಡ್ ತುಣುಕುಗಳಿಗೆ ಬೇರೆ ಸಮಅಗಲದ ಫಾಂಟ್ ಹೋಗುತ್ತದೆ, ಅದರಲ್ಲಿ ಕನ್ನಡ ಇರುವುದಿಲ್ಲ. ಕೋಡ್ ಒಳಗೆ ಕನ್ನಡದಲ್ಲಿ ಟಿಪ್ಪಣಿ ಬರೆದಿದ್ದರೆ ಅವಷ್ಟೇ ಮಾಯ ಆಗಿರುತ್ತವೆ, ಉಳಿದ ಪುಟ ಚೆನ್ನಾಗಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನೊಂದು, ಪಿಡಿಎಫ್ ತಯಾರಾಗುವ ಯಂತ್ರ. ನಾನು ಕೆಲಸ ಮಾಡಿದ ಒಂದು ಕಡೆ ನಮ್ಮ ಲ್ಯಾಪ್‌ಟಾಪ್‌ಗಳಲ್ಲೆಲ್ಲ ಕೈಪಿಡಿ ಚೆನ್ನಾಗಿಯೇ ಬರುತ್ತಿತ್ತು. ಗಿರಾಕಿಗಳಿಗೆ ಹೋಗುವ ಪ್ರತಿ ತಯಾರಾಗುತ್ತಿದ್ದದ್ದು ಸರ್ವರ್‌ನಲ್ಲಿ, ಆ ಸರ್ವರ್‌ನಲ್ಲಿ ಒಂದೂ ಕನ್ನಡ ಫಾಂಟ್ ಇರಲಿಲ್ಲ. ಪುಟ ತುಂಬ ಖಾಲಿ ಚೌಕಗಳಿದ್ದ ಕೈಪಿಡಿ ಹೊರಗೆ ಹೋಯಿತು. ಅದನ್ನು ಓದಿ ಯಂತ್ರ ನಡೆಸಬೇಕಾಗಿದ್ದವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ, ಅವರು ಎರಡು ದಿನ ಫೋನಿನಲ್ಲಿ ಕೇಳಿ ಕೇಳಿ ಕೆಲಸ ಮಾಡಿದರು. ನನಗೆ ಅದು ಇವತ್ತಿಗೂ ನೋವಿನ ವಿಷಯ. ಸರ್ವರ್ ಲಿನಕ್ಸ್ ಆದರೆ ಎಫ್‌ಸಿ-ಲಿಸ್ಟ್ ಕಮಾಂಡ್‌ಗೆ ಕನ್ನಡದ ಭಾಷಾ ಸಂಕೇತ ಕೊಟ್ಟು ಕೇಳಿ. ಉತ್ತರ ಖಾಲಿ ಬಂದರೆ ಮೊದಲು ನೋಟೋ, ಲೋಹಿತ್, ಗುಬ್ಬಿ, ನವಿಲು ಇವುಗಳಲ್ಲಿ ಯಾವುದಾದರೊಂದು ಫಾಂಟ್ ಹಾಕಿ. ನೋಟೋ ಅನ್ನುವ ಹೆಸರು ಬಂದಿದ್ದೇ ಆ ಖಾಲಿ ಚೌಕಗಳಿಂದ. ಅವಕ್ಕೆ ಟೋಫು ಅಂತಾರೆ, ಟೋಫು ಬೇಡ ಅನ್ನುವುದೇ ನೋಟೋ.

ಪ್ರಶ್ನೆ: ಕಾಲೇಜಿನ ಲ್ಯಾಬ್ ಕೈಪಿಡಿಯಿಂದ ಕಮಾಂಡ್ ಕಾಪಿ ಮಾಡಿ ಟರ್ಮಿನಲ್‌ನಲ್ಲಿ ಹಾಕಿದರೆ ನಡೆಯಲ್ಲ. ಅದನ್ನೇ ನೋಡಿಕೊಂಡು ಕೈಯಲ್ಲಿ ಟೈಪ್ ಮಾಡಿದರೆ ನಡೆಯುತ್ತೆ. ಯಾಕೆ? (ಹುಬ್ಬಳ್ಳಿಯ ವಿದ್ಯಾರ್ಥಿನಿ)

ಉತ್ತರ: ಕೈಪಿಡಿ ಬರೆದ ವರ್ಡ್, ಕಮಾಂಡನ್ನೂ ಮಾಮೂಲಿ ವಾಕ್ಯ ಅಂದುಕೊಂಡು ಚೆಂದ ಮಾಡಿಬಿಟ್ಟಿದೆ. ಎರಡು ಚಿಕ್ಕ ಗೆರೆಗಳನ್ನು ಸೇರಿಸಿ ಒಂದು ಉದ್ದ ಗೆರೆ ಮಾಡಿದೆ, ನೇರ ಉದ್ಧರಣ ಚಿಹ್ನೆಯನ್ನು ಬಾಗಿಸಿದೆ. ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಟರ್ಮಿನಲ್‌ಗೆ ಅವು ಬೇರೆಯೇ ಅಕ್ಷರ. ಇನ್ನೊಂದು ಕಳ್ಳ ಅಂದರೆ ಮುರಿಯದ ಖಾಲಿ ಜಾಗ. ಮಾಮೂಲಿ ಸ್ಪೇಸ್ ಥರವೇ ಕಾಣುತ್ತೆ, ಆದರೆ ಪೈಥಾನ್ ಅದನ್ನು ಕಂಡರೆ ನಿಂತುಬಿಡುತ್ತದೆ. ಪುಟ ತಪ್ಪು ಎನ್‌ಕೋಡಿಂಗ್‌ನಲ್ಲಿ ತೆರೆದಾಗ ಅಲ್ಲಲ್ಲಿ ಟೋಪಿ ಹಾಕಿದ ದೊಡ್ಡ ಎ ಕಾಣುತ್ತಲ್ಲ, ಅದು ಇದೇ ಖಾಲಿ ಜಾಗದ ಗುರುತು.

ನಿಮ್ಮ ಮೇಷ್ಟ್ರಿಗೆ ಹೇಳಿ, ವರ್ಡ್‌ನ ಆಟೋಕರೆಕ್ಟ್‌ನಲ್ಲಿ ಈ ಎರಡು ಬದಲಾವಣೆ ನಿಲ್ಲಿಸಲಿ. ಮಾರ್ಕ್‌ಡೌನ್‌ಗೆ ಬಂದರೆ ಇನ್ನೂ ಒಳ್ಳೇದು. ಹಿಮ್ಮುಖ ಉದ್ಧರಣದ (ಬ್ಯಾಕ್‌ಟಿಕ್ ಗುರುತಿನ) ಒಳಗೆ ಇಟ್ಟ ಕಮಾಂಡನ್ನು ಪ್ಯಾನ್‌ಡಾಕ್ ಹೀಗೆ ಚೆಂದ ಮಾಡಲು ಹೋಗುವುದಿಲ್ಲ. ಹೊರಗೆ ಬಿಟ್ಟರೆ ಅದೂ ಗೆರೆಗಳನ್ನು ಸೇರಿಸುತ್ತದೆ.

ಪ್ರಶ್ನೆ: ನಾನು ಸಿಂಗಪುರದಲ್ಲಿದ್ದೇನೆ, ಬಿಡುವಿನಲ್ಲಿ ಒಂದು ತಂತ್ರಾಂಶದ ಸಹಾಯ ಪುಟಗಳನ್ನು ಕನ್ನಡಕ್ಕೆ ಅನುವಾದ ಮಾಡುತ್ತೇನೆ. 'ಸಾಫ್ಟ್‌ವೇರ್' ಅಂತ ಸರಿಯಾಗಿ ಬರೆದು ಕಳಿಸಿದರೂ ಪ್ರಕಟ ಆದಾಗ 'ಸಾಫ್ಟ್ವೇರ್' ಆಗಿರುತ್ತದೆ. 'ಫೈಲ್‌ಗಳು' ಹೋಗಿ 'ಫೈಲ್ಗಳು'. ತಿದ್ದಿ ತಿದ್ದಿ ಸಾಕಾಯಿತು.

ಉತ್ತರ: ತಪ್ಪು ನಿಮ್ಮದಲ್ಲ, ಫಾಂಟ್‌ನದ್ದೂ ಅಲ್ಲ. 'ಸಾಫ್ಟ್‌ವೇರ್' ಬರೆಯುವಾಗ 'ಟ್' ಮತ್ತು 'ವೇ' ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಇವೆರಡನ್ನು ಒತ್ತಾಗಿ ಸೇರಿಸಬೇಡ ಅಂತ ಹೇಳುವುದೇ ಅದರ ಕೆಲಸ. ಅದಕ್ಕೆ ಅಗಲವೇ ಇಲ್ಲ. ಅದರ ಜೋಡಿ ಇನ್ನೊಂದು ಇದೆ, 'ರ‍್ಯಾಂಕ್' ಬರೆಯುವಾಗ ರಕಾರ ಅರ್ಕಾವತ್ತಾಗದೆ ಪೂರ್ತಿ ನಿಲ್ಲುವುದು ಅದರಿಂದ. ಅದು ಹೋದರೆ 'ರ್ಯಾಂಕ್'. ಇವು ಯೂನಿಕೋಡ್‌ನಲ್ಲಿ ಸರಿಯಾಗಿ ಒಪ್ಪಿಕೊಂಡ ಅಕ್ಷರಗಳೇ.

ಆದರೆ ಅನುವಾದದ ಫೈಲ್ ಪಿಒ ರೂಪದಿಂದ ಎಚ್‌ಟಿಎಂಎಲ್‌ಗೆ ಹೋಗುವ ದಾರಿಯಲ್ಲಿ ಯಾರೋ ಒಂದು ಶುಚಿ ಮಾಡುವ ಸ್ಕ್ರಿಪ್ಟ್ ಇಟ್ಟಿರುತ್ತಾರೆ. ಕಾಣದ ಅಕ್ಷರಗಳನ್ನೆಲ್ಲ ತೆಗೆಯುವುದು ಅದರ ಕೆಲಸ. ಇಂಗ್ಲಿಷಿಗೆ ಅದರಿಂದ ಏನೂ ನಷ್ಟ ಇಲ್ಲ, ಹಾಗಾಗಿ ಬರೆದವರ ತಲೆಗೆ ಹೊಳೆದಿರುವುದಿಲ್ಲ. ನಮಗೆ ಅದು ಕಾಗುಣಿತವನ್ನೇ ಕೆಡಿಸುತ್ತದೆ. ನೀವು ಒಂದು ಕೆಲಸ ಮಾಡಿ. ಯೋಜನೆ ನಡೆಸುವವರಿಗೆ ಬರೀ 'ಕನ್ನಡ ತಪ್ಪಾಗಿ ಬರ್ತಿದೆ' ಅಂತ ಬರೆಯಬೇಡಿ, ಅವರಿಗೆ ಕನ್ನಡ ಓದಲು ಬರುವುದಿಲ್ಲ ಅಲ್ವಾ? ನೀವು ಕಳಿಸಿದ ಫೈಲ್ ಮತ್ತು ಪ್ರಕಟವಾದ ಪುಟ ಎರಡರಲ್ಲೂ ಅದೇ ಪದದ ಸಂಕೇತ ಸಂಖ್ಯೆಗಳನ್ನು ಸಾಲಾಗಿ ಬರೆದು ತೋರಿಸಿ. ಒಂದರಲ್ಲಿ 200ಸಿ ಅನ್ನುವ ಸಂಖ್ಯೆ ಇದೆ, ಇನ್ನೊಂದರಲ್ಲಿ ಇಲ್ಲ. ಪರ್ಷಿಯನ್ ಭಾಷೆಗೂ ಅದೇ ಅಕ್ಷರ ಬೇಕು, ಹಲವು ಎಮೋಜಿಗಳು ಒಟ್ಟಿಗೆ ಸೇರುವುದು ಇದರ ಜೋಡಿಯಿಂದಲೇ ಅಂತಲೂ ಸೇರಿಸಿ. ಕನ್ನಡ ಗೊತ್ತಿಲ್ಲದ ಪ್ರೋಗ್ರಾಮರ್‌ಗೂ ಆಗ ಒಂದೇ ಸಲಕ್ಕೆ ಅರ್ಥ ಆಗುತ್ತದೆ. ದಯವಿಟ್ಟು ಅನುವಾದ ಬಿಡಬೇಡಿ. ಸಹಾಯ ಪುಟ ಕನ್ನಡದಲ್ಲಿ ಸಿಕ್ಕಿದಾಗ ಮಾತ್ರ ಯಂತ್ರದ ಮುಂದೆ ಧೈರ್ಯವಾಗಿ ಕೂರುವ ಜನ ನಮ್ಮೂರುಗಳಲ್ಲಿ ತುಂಬ ಇದ್ದಾರೆ.

ಪ್ರಶ್ನೆ: ಹಳೆಯ ಕೈಪಿಡಿಯ ಮೂಲ ಫೈಲ್ ಕಳೆದುಹೋಗಿದೆ, ಪಿಡಿಎಫ್ ಮಾತ್ರ ಇದೆ. ಓದಲು ಸರಿಯಾಗಿದೆ, ಕಾಪಿ ಮಾಡಿದರೆ ಅಕ್ಷರ ಹಿಂದೆ ಮುಂದೆ. ಹುಡುಕಿದರೂ ಏನೂ ಸಿಗುವುದಿಲ್ಲ. (ಮೈಸೂರು)

ಉತ್ತರ: ಪಿಡಿಎಫ್‌ನಲ್ಲಿ ಇರುವುದು ಅಕ್ಷರದ ಆಕಾರ ಮತ್ತು ಅದನ್ನು ಎಲ್ಲಿ ಇಡಬೇಕು ಅನ್ನುವ ಲೆಕ್ಕ. ಯಾವ ಆಕಾರ ಯಾವ ಅಕ್ಷರದ್ದು ಅನ್ನುವ ಪಟ್ಟಿ ಬೇರೆ ಇರುತ್ತದೆ, ಇಲ್ಲದೆಯೂ ಇರಬಹುದು. ಕನ್ನಡದಲ್ಲಿ ಒಂದು ಆಕಾರಕ್ಕೆ ಒಂದು ಅಕ್ಷರ ಅನ್ನುವ ಲೆಕ್ಕವೇ ನಡೆಯುವುದಿಲ್ಲವಾದ್ದರಿಂದ ಪಟ್ಟಿ ಇದ್ದರೂ ಒತ್ತು, ಅರ್ಕಾವತ್ತು ಜಾಗ ತಪ್ಪುತ್ತವೆ.

ಪಿಡಿಎಫ್‌ಫಾಂಟ್ಸ್ ಅನ್ನುವ ಚಿಕ್ಕ ಕಮಾಂಡ್ ಇದೆ, ಲಿನಕ್ಸ್‌ನಲ್ಲಿ ಪಾಪ್ಲರ್ ಜೊತೆ ಬರುತ್ತದೆ. ಅದನ್ನು ನಡೆಸಿ ಫಾಂಟ್ ಹೆಸರು ನೋಡಿ. ನುಡಿ ಅಂತ ಬಂದರೆ ನಿಮ್ಮ ಅದೃಷ್ಟ ಚೆನ್ನಾಗಿದೆ: ಕಾಪಿ ಮಾಡಿದಾಗ ಹಳೆಯ ನುಡಿ ಸಂಕೇತಗಳೇ ಹೊರಗೆ ಬರುವ ಸಾಧ್ಯತೆ ಜಾಸ್ತಿ, ಮೇಲೆ ಶಿರಸಿಯವರಿಗೆ ಹೇಳಿದ ಪರಿವರ್ತಕ ಸಾಕು. ಯೂನಿಕೋಡ್ ಫಾಂಟ್ ಆಗಿದ್ದರೆ ಕಾಪಿ ಮಾಡಿ ತಿದ್ದುವುದಕ್ಕಿಂತ ಪುಟಗಳನ್ನು ಚಿತ್ರ ಮಾಡಿ, ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ಪ್ರೋಗ್ರಾಂಗೆ ಕೊಡುವುದು ಮೇಲು, ಅದಕ್ಕೆ ಕನ್ನಡ ಓದಲು ಬರುತ್ತದೆ. ಆದರೆ ಕಮಾಂಡ್ ಇರುವ ಸಾಲುಗಳನ್ನು ಮಾತ್ರ ಅದರ ಕೈಗೆ ಬಿಡಬೇಡಿ. ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ, ಒಂದೋ ಎಲ್ ಅಕ್ಷರವೋ ಅನ್ನುವುದನ್ನು ನೀವೇ ಮೂಲದ ಪಕ್ಕ ಇಟ್ಟುಕೊಂಡು ನೋಡಬೇಕು.

ಪ್ರಶ್ನೆ: ಅನುವಾದದ ಪಟ್ಟಿಯನ್ನು ಸಿಎಸ್‌ವಿ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಹೋಗುತ್ತೆ. (ತುಮಕೂರು)

ಉತ್ತರ: ಎರಡು ಸಲ ಕ್ಲಿಕ್ ಮಾಡಿ ತೆರೆಯಬೇಡಿ. ಎಕ್ಸೆಲ್‌ನ ಡೇಟಾ ಮೆನುವಿನಿಂದ ಟೆಕ್ಸ್ಟ್ ಫೈಲ್ ಅಂತ ಒಳಗೆ ತಂದು ಯುಟಿಎಫ್-8 ಆರಿಸಿ. ಅಥವಾ ಸೇವ್ ಮಾಡುವಾಗಲೇ ಬಿಒಎಂ (ಎನ್‌ಕೋಡಿಂಗ್ ಯಾವುದು ಅಂತ ಹೇಳಲು ಫೈಲ್‌ನ ಶುರುವಿನಲ್ಲಿ ಇಡುವ ಗುರುತು) ಇರುವ ಯುಟಿಎಫ್-8 ಅಂತ ಕೊಡಿ, ಆ ಗುರುತು ಕಂಡರೆ ಎಕ್ಸೆಲ್‌ಗೆ ಅರ್ಥ ಆಗುತ್ತದೆ. ಆದರೆ ಅದೇ ಫೈಲ್ ಆಮೇಲೆ ಲಿನಕ್ಸ್ ಸ್ಕ್ರಿಪ್ಟ್‌ಗೆ ಹೋಗುವುದಿದ್ದರೆ ಬಿಒಎಂ ತೆಗೆದು ಕಳಿಸಿ, ಇಲ್ಲದಿದ್ದರೆ ಮೊದಲ ಕಾಲಂನ ಹೆಸರಿಗೆ ಅದು ಅಂಟಿಕೊಂಡು, ಆ ಹೆಸರಿನ ಕಾಲಂ ಇಲ್ಲವೇ ಇಲ್ಲ ಅಂತ ಸ್ಕ್ರಿಪ್ಟ್ ಹೇಳುತ್ತದೆ.

ಪ್ರಶ್ನೆ: ಪುಟದಲ್ಲಿ 'ಕೋಶ' ಅಂತ ಕಾಣುತ್ತೆ, ಆದರೆ ಹುಡುಕಿದರೆ ಸಿಗಲ್ಲ. ಹಳೆಯ ಮ್ಯಾಕ್‌ನಿಂದ ತಂದ ಫೈಲ್ ಹೆಸರುಗಳಲ್ಲೂ ಹೀಗೇ, ಚಿತ್ರದ ಕೊಂಡಿ ಮುರಿದಿದೆ. (ಮಂಗಳೂರು)

ಉತ್ತರ: 'ಕೋ' ಅನ್ನುವುದನ್ನು ಯೂನಿಕೋಡ್‌ನಲ್ಲಿ ಎರಡು ಥರ ಬರೆಯಬಹುದು. ಕ ಮತ್ತು ಓಕಾರದ ಗುಣಿತ, ಒಟ್ಟು ಎರಡು ತುಂಡು. ಅಥವಾ ಕ, ಎತ್ವ, ಊಕಾರದ ಗುಣಿತ, ದೀರ್ಘ, ಒಟ್ಟು ನಾಲ್ಕು ತುಂಡು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಫೈಲ್ ಹೆಸರನ್ನು ಬಿಡಿಸಿ ಇಡುತ್ತಿತ್ತು, ನಿಮ್ಮ ಎಚ್‌ಟಿಎಂಎಲ್‌ನಲ್ಲಿ ಕೂಡಿಸಿದ ರೂಪ ಇದೆ, ಅದಕ್ಕೇ ಹೊಂದುತ್ತಿಲ್ಲ. ಪರಿವರ್ತನೆಯ ಮೊದಲ ಹೆಜ್ಜೆಯಾಗಿ ಎಲ್ಲ ಪಠ್ಯವನ್ನೂ ಎಲ್ಲ ಫೈಲ್ ಹೆಸರನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಈ ಕೂಡಿಸಿದ ರೂಪಕ್ಕೆ ತನ್ನಿ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ಅದು ಒಂದೇ ಸಾಲಿನ ಕೆಲಸ. ಕೊಂಡಿಗಳನ್ನು ಆಮೇಲೆ ನೋಡಿ, ಹೆಚ್ಚಿನವು ತಾವಾಗಿಯೇ ಸರಿಹೋಗಿರುತ್ತವೆ.